ಹಳೆಯ ಕಾರಿಗೆ ಹೊಂದುವ ಬ್ರೇಕ್ ಕ್ಯಾಲಿಪರ್

ಮೌಂಟ್ ರಾಸ್ಕಿಲ್‌ನ ಯಾವ ಬೀದಿಯಲ್ಲಿ ನಿಂತು ನೋಡಿದರೂ ಜಪಾನಿನಲ್ಲಿ ಕೆಲವು ವರ್ಷ ಓಡಿ, ಆಮೇಲೆ ಇಲ್ಲಿಗೆ ಬಂದ ಕಾರುಗಳು ಕಾಣಸಿಗುತ್ತವೆ. ನಮ್ಮ ಎಷ್ಟೋ ಕುಟುಂಬಗಳ ಮೊದಲ ಕಾರೂ ಅಂಥದ್ದೇ. ಮಗನೋ ಮಗಳೋ ಲೈಸೆನ್ಸ್ ಪಡೆದ ಮೇಲೆ ಆ ಹಳೆಯ ಕಾರು ಅವರ ಪಾಲಿಗೆ ಬರುತ್ತದೆ. ಒಮ್ಮೆ ಪೀಹಾ ಕಡಲತೀರದ ಇಳಿಜಾರಿನಲ್ಲಿ ಓಡಿಸಿ ಬಂದರೆಂದರೆ, ದೊಡ್ಡ ಕ್ಯಾಲಿಪರ್ ಹಾಕಿಸುವ ಮಾತು ಶುರುವಾಗುತ್ತದೆ.

ಕ್ಯಾಲಿಪರ್ ಎಂದರೆ ಏನು? ಅಡುಗೆಮನೆಯ ಇಕ್ಕಳವನ್ನು ನೆನಪಿಸಿಕೊಳ್ಳಿ. ಬಿಸಿ ಪಾತ್ರೆಯ ಅಂಚನ್ನು ಇಕ್ಕಳ ಎರಡು ಕಡೆಯಿಂದ ಹಿಡಿಯುವಂತೆ, ಚಕ್ರದೊಂದಿಗೆ ತಿರುಗುವ ಡಿಸ್ಕನ್ನು ಕ್ಯಾಲಿಪರ್ ಎರಡು ಪ್ಯಾಡುಗಳ ನಡುವೆ ಅದುಮುತ್ತದೆ. ಅದುಮುವ ಬಲ ಬರುವುದು ಬ್ರೇಕ್ ಆಯಿಲ್‌ನ ಒತ್ತಡದಿಂದ. ಆ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತಾ ಹೋದಂತೆ ಬೇಗ ಕುದಿಯತೊಡಗುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗುವುದಕ್ಕೆ ಅನೇಕ ಸಲ ಇದೇ ಕಾರಣ. ಹಾಗಾಗಿ ಮೊದಲು ಹೊಸ ಆಯಿಲ್, ಒಳ್ಳೆಯ ಪ್ಯಾಡ್, ಹಳತಾದ ರಬ್ಬರ್ ಹೋಸ್‌ಗಳ ಬದಲಾವಣೆ ಮಾಡಿಸಿ ನೋಡಿ ಎಂಬುದು ನಮ್ಮ ಸಲಹೆ. ಅನೇಕರಿಗೆ ಅಷ್ಟೇ ಸಾಕು.

ಆಮೇಲೂ ಕ್ಯಾಲಿಪರ್ ಬೇಕೆಂದರೆ, ಮೊದಲು ತಿಳಿಯಬೇಕಾದದ್ದು ನಮ್ಮ ಕಾರು ನಿಜವಾಗಿ ಯಾವುದು ಎಂಬುದು. ನ್ಯೂಜಿಲೆಂಡಿನಲ್ಲಿ ಕಾರುಗಳ ಜೋಡಣೆ ನಿಂತದ್ದು 1998ರಲ್ಲಿ. ಅದಕ್ಕೂ ಹಿಂದೆ ಥೇಮ್ಸ್ ಪಟ್ಟಣದಲ್ಲಿ ಜೋಡಿಸಿದ ಟೊಯೋಟಾ ಕರೋಲಾಕ್ಕೂ ಅದೇ ವರ್ಷ ಜಪಾನಿನಲ್ಲಿ ಮಾರಾಟವಾದ ಕರೋಲಾಕ್ಕೂ ಹೆಸರು ಒಂದೇ ಇದ್ದರೂ ಬ್ರೇಕು ಒಂದೇ ಎಂದು ಹೇಳಲಾಗದು. ಜಪಾನಿನಿಂದ ಬಂದ ಕಾರಿಗೆ ಇಲ್ಲಿ 2009ರವರೆಗೆ 7ಎ8 ಎಂದು ಶುರುವಾಗುವ ಸಂಖ್ಯೆ ಕೊಡುತ್ತಿದ್ದರು. ಬಿಡಿಭಾಗದ ಅಂಗಡಿಯವರಿಗೆ ಅದೊಂದನ್ನೇ ಹೇಳಿದರೆ ಸಾಲದು. ಎಂಜಿನ್ ಕೋಣೆಯಲ್ಲಿ ಇರುವ ತಯಾರಕರ ತಗಡಿನಿಂದ ಮಾಡೆಲ್ ಕೋಡ್, ಮೂಲ ಚಾಸಿ ಸಂಖ್ಯೆ ಎರಡನ್ನೂ ಬರೆದುಕೊಳ್ಳಿ. ಕ್ಯಾಲಿಪರ್ ಮೇಲೆ ಉಬ್ಬಿ ಕಾಣುವ ಅಂಕಿಯನ್ನೇ ನಂಬಬೇಡಿ. ಅದು ಎರಕದ ಅಚ್ಚಿನ ಸಂಖ್ಯೆಯಾಗಿರಬಹುದು.

ಗುಜರಿ ಯಾರ್ಡಿಗೆ ಹೋಗುವಾಗ ವರ್ನಿಯರ್ ಅಳತೆಗೋಲು ಜೊತೆಯಲ್ಲಿರಲಿ. ಕ್ಯಾಲಿಪರನ್ನು ಹಿಡಿದಿಡುವ ಎರಡು ಬೋಲ್ಟುಗಳ ನಡುವಿನ ಅಂತರ, ಬೋಲ್ಟಿನ ದಪ್ಪ, ಡಿಸ್ಕಿನ ವ್ಯಾಸ ಮತ್ತು ದಪ್ಪ, ಹೋಸ್ ಸೇರುವ ಬಗೆ, ಇವೆಲ್ಲ ತಾಳೆಯಾಗಬೇಕು. ದೊಡ್ಡ ಕ್ಯಾಲಿಪರ್ 13 ಅಥವಾ 14 ಇಂಚಿನ ಚಕ್ರದೊಳಗೆ ಹಿಡಿಸದೆ ಹೋಗುವುದುಂಟು.

ಬೋಲ್ಟ್ ಕೂತಿತೆಂದು ಕೆಲಸ ಮುಗಿಯಿತೇ? ಇಲ್ಲ. ಇಲ್ಲಿ ಸ್ವಲ್ಪ ಗಣಿತ ಬೇಕು. 54 ಮಿ.ಮೀ. ಪಿಸ್ಟನ್ನಿನ ವಿಸ್ತೀರ್ಣ ಸುಮಾರು 22.9 ಚದರ ಸೆಂ.ಮೀ.; 57 ಮಿ.ಮೀ. ಪಿಸ್ಟನ್ನಿನದು 25.5. ಮೂರೇ ಮಿಲಿಮೀಟರಿಗೆ ಶೇಕಡಾ 11ರಷ್ಟು ಹೆಚ್ಚಳ! ಮಾಸ್ಟರ್ ಸಿಲಿಂಡರ್ ಹಳೆಯದೇ ಆಗಿದ್ದರೆ ಪೆಡಲ್ ಇನ್ನೂ ಕೆಳಗೆ ಹೋಗುತ್ತದೆ, ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಬೇಗ ಕಚ್ಚಿ ನಿಲ್ಲುತ್ತವೆ, ಮಳೆಯ ರಸ್ತೆಯಲ್ಲಿ ಸ್ಟೀರಿಂಗ್ ಮಾತು ಕೇಳದಂತಾಗುತ್ತದೆ. ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ ಎಂದು ಹುಡುಗರು ಹೆಮ್ಮೆಪಡುತ್ತಾರೆ. ಅದರಲ್ಲಿ ಲೆಕ್ಕಕ್ಕೆ ಹಿಡಿಯಬೇಕಾದದ್ದು ಒಂದು ಬದಿಯ ಎರಡು ಪಿಸ್ಟನ್ ಮಾತ್ರ. 40 ಮಿ.ಮೀ.ನ ಎರಡು ಸೇರಿದರೆ 25.1 ಚದರ ಸೆಂ.ಮೀ. ಅಂದರೆ 57ರ ಒಂಟಿ ಪಿಸ್ಟನ್ನಿಗಿಂತ ತುಸು ಕಡಿಮೆಯೇ!

ಜೋಡಿಸಿದ ಮೇಲೆ ಗಾಳಿ ತೆಗೆಯುವ ನಿಪ್ಪಲ್ ಮೇಲ್ಭಾಗಕ್ಕೇ ಬಂದಿದೆಯೇ ನೋಡಿ. ಎಡದ್ದು ಬಲಕ್ಕೆ ಹೋಗಿದ್ದರೆ ಅದು ಕೆಳಗೆ ಬಂದು ಗಾಳಿ ಒಳಗೇ ಉಳಿಯುತ್ತದೆ, ಪೆಡಲ್ ಸ್ಪಂಜಿನಂತಾಗುತ್ತದೆ.

ಬೇರೆ ಮಾಡೆಲ್ಲಿನ ಕ್ಯಾಲಿಪರ್ ಅಥವಾ ದೊಡ್ಡ ಡಿಸ್ಕ್ ಹಾಕಿಸಿದರೆ ಲೋ ವಾಲ್ಯೂಮ್ ವೆಹಿಕಲ್ ಪ್ರಮಾಣಪತ್ರ ಬೇಕಾಗಬಹುದು. ಬೇಕಾಗಿದ್ದೂ ಅದರ ತಗಡು ಕಾರಿನಲ್ಲಿ ಇಲ್ಲದಿದ್ದರೆ ವಾರಂಟ್ ಆಫ್ ಫಿಟ್‌ನೆಸ್ ತಪಾಸಣೆಯಲ್ಲಿ ಕಾರು ಪಾಸಾಗುವುದಿಲ್ಲ. ಪ್ರಮಾಣೀಕರಿಸುವವರನ್ನು ಕೇಳಬೇಕಾದದ್ದು ಸಾಮಾನು ಕೊಳ್ಳುವ ಮುಂಚೆ. ವಿಮಾ ಕಂಪನಿಗೂ ಆಗಲೇ ಒಂದು ಮಾತು ತಿಳಿಸಿಬಿಡಿ.