ಹೊಸ ರಕ್ತನಾಳಗಳೂ ಕಿಣ್ವಗಳೂ

ಪ್ರಶ್ನೆ: ಗಾಯ ಮಾಯುವಾಗ ಹೊಸ ರಕ್ತನಾಳ ಹುಟ್ಟುವುದು ಹೇಗೆ? (ಓದುಗರು, ಚಿಕ್ಕಬಾಣಾವರ)

ಉತ್ತರ: ಹೊಸ ನಾಳಗಳು ಬಹುಮಟ್ಟಿಗೆ ಹಳೆಯ ನಾಳಗಳಿಂದಲೇ ಕವಲೊಡೆಯುತ್ತವೆ. ಆಮ್ಲಜನಕ ಸಾಕಷ್ಟಿರುವಾಗ ಪ್ರೋಲಿಲ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವವು ‘ಹಿಫ್’ ಎಂಬ ಪ್ರೋಟೀನಿಗೆ ಗುರುತು ಹಚ್ಚಿ ಅದು ನಾಶವಾಗುವಂತೆ ನೋಡಿಕೊಳ್ಳುತ್ತದೆ. ಗಾಯವಾದಲ್ಲಿ ಆಮ್ಲಜನಕ ಕುಗ್ಗಿದಾಗ ಈ ಕಿಣ್ವದ ಕೆಲಸ ಕುಂಠಿತಗೊಂಡು, ಉಳಿದುಕೊಂಡ ಹಿಫ್ ‘ವಿಇಜಿಎಫ್’ ಎಂಬ ಬೆಳವಣಿಗೆಯ ಸಂಕೇತವನ್ನು ಜೀವಕೋಶದಿಂದ ಹೊರಡಿಸುತ್ತದೆ. ನಾಳದ ಒಳಪದರದ ಕೋಶಗಳ ಮೇಲಿರುವ ಅದರ ಗ್ರಾಹಕವು ಸ್ವತಃ ಒಂದು ಟೈರೊಸಿನ್ ಕೈನೇಸ್, ಅಂದರೆ ಪ್ರೋಟೀನಿನಲ್ಲಿರುವ ಟೈರೊಸಿನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಅಂಟಿಸುವ ಕಿಣ್ವ. ಸಂಕೇತ ತಗುಲಿದೊಡನೆ ಎರಡು ಗ್ರಾಹಕಗಳು ಜೋಡಿಯಾಗಿ ಪರಸ್ಪರ ಫಾಸ್ಫೇಟ್ ಹಚ್ಚಿಕೊಳ್ಳುತ್ತವೆ, ಅಲ್ಲಿಂದ ಮುಂದೆ ಇಆರ್‌ಕೆ ಕಿಣ್ವವು ಕೋಶವಿಭಜನೆಗೂ ಎಕೆಟಿ ಕಿಣ್ವವು ಕೋಶದ ಉಳಿವಿಗೂ ಚಾಲನೆ ನೀಡುತ್ತವೆ. ಫಾಸ್ಫಟೇಸ್ ಕಿಣ್ವಗಳು ಆ ಫಾಸ್ಫೇಟನ್ನು ಕಿತ್ತುಹಾಕಿ ಸಂಕೇತವನ್ನು ಅಡಗಿಸುತ್ತವೆ.

ಕ್ಯಾನ್ಸರ್ ಗಡ್ಡೆಗಳು ಬೆಳೆಯುವುದೂ ಇದೇ ದಾರಿಯನ್ನು ಬಳಸಿಕೊಂಡೇ. ಮೈಸೂರು ವಿಶ್ವವಿದ್ಯಾನಿಲಯದ ಭಾರತಿ ಸಾಲಿಮಠ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರಿಶಿನದಲ್ಲಿರುವ ಕರ್ಕ್ಯುಮಿನ್ ಕೋಳಿಮೊಟ್ಟೆಯ ಭ್ರೂಣಪೊರೆಯಲ್ಲೂ ಗಡ್ಡೆಯಿದ್ದ ಇಲಿಗಳ ಉದರಪೊರೆಯಲ್ಲೂ ಹೊಸ ನಾಳಗಳನ್ನು ತಗ್ಗಿಸಿತು. ಆದರೆ ಇದನ್ನು ಅಡುಗೆಮನೆಯ ಅರಿಶಿನದ ಮಹಿಮೆಯೆಂದು ಹಿಗ್ಗಿಸುವುದು ಅವಸರವಾದೀತು, ಏಕೆಂದರೆ ಬಾಯಿಂದ ಸೇವಿಸಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ.