ಸೊಂಟದಿಂದ ಶುರುವಾಗುವ ಕಾರು

ಮುಂಬೈಯ ಜೋಗೇಶ್ವರಿ ಪೂರ್ವದಲ್ಲಿ ಹೈವೇ ಬಿಟ್ಟು ವಿಖ್ರೋಳಿಗೆ ಹೋಗುವ ಲಿಂಕ್ ರಸ್ತೆ ಹಿಡಿದರೆ ಪವಾಯಿ ಕೆರೆಯ ಬದಿಗೆ ಐಐಟಿ ಬಾಂಬೆ. ಅದರೊಳಗೆ 1969ರಲ್ಲಿ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್ ಎಂಬ ಹೆಸರಿನಲ್ಲಿ ಹುಟ್ಟಿದ ಸಂಸ್ಥೆ ಇದೆ. ಎಲ್ಲರ ಬಾಯಲ್ಲಿ ಅದು ಐಡಿಸಿ. ನಾಳಿನ ವಾಹನ ಹೇಗಿರಬೇಕೆಂದು ಯೋಚಿಸಿ, ಬರೆದು, ಅಳೆದು ನೋಡುವುದನ್ನು ಅಲ್ಲಿ ಕಲಿಸುತ್ತಾರೆ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಹುಡುಗರು ಬರೆಯುವ ಕಾರಿಗೆ ದೊಡ್ಡ ಚಕ್ರ, ಚೂಪು ಮೂತಿ, ನೆಲಕ್ಕೆ ತಾಗುವಷ್ಟು ತಗ್ಗಿದ ಚಾವಣಿ. ಒಳಗೆ ಕೂರುವವರ ತಲೆ ಎಲ್ಲಿ ಹೋಗಬೇಕು ಎಂಬ ಪ್ರಶ್ನೆಯೇ ಅಲ್ಲಿಲ್ಲ. ತಾಂತ್ರಿಕ ನಕ್ಷೆ ಆ ಪ್ರಶ್ನೆಯಿಂದಲೇ ಶುರು. ಮೊದಲು ನೆಲದ ಗೆರೆ. ಆಮೇಲೆ ಒಂದು ಚುಕ್ಕೆ, ಚಾಲಕನ ಸೊಂಟದ ಕೀಲು ಇರುವ ಜಾಗ. ಈ ಕಸುಬಿನವರು ಅದನ್ನು ಎಚ್-ಪಾಯಿಂಟ್ ಅನ್ನುತ್ತಾರೆ. ಕಣ್ಣಿನ ಎತ್ತರ, ತಲೆಯ ಮೇಲಿನ ಜಾಗ, ಪೆಡಲ್, ಸ್ಟೇರಿಂಗ್ ಎಲ್ಲಕ್ಕೂ ಅಳತೆ ಹೊರಡುವುದು ಅಲ್ಲಿಂದ. ಗಿಡ್ಡ ಹೆಂಗಸಿಗೂ ಎತ್ತರದ ಗಂಡಸಿಗೂ ಅದೇ ಕಾರು ಹೊಂದಬೇಕು. ಎಷ್ಟೇ ವಿಚಿತ್ರ ಆಕಾರದ ಕಾರಾದರೂ ಮೊದಲು ಮನುಷ್ಯನನ್ನು ಕೂರಿಸಿಕೊಂಡೇ ಹುಟ್ಟುತ್ತದೆ ಎಂಬ ಈ ಕ್ರಮ ನನಗೆ ಬಹಳ ಪ್ರಿಯ.

ಪಕ್ಕದ ನೋಟ, ಮುಂದಿನ ನೋಟ, ಮೇಲಿನ ನೋಟ ಮೂರೂ ಮಿಲಿಮೀಟರ್ ಲೆಕ್ಕದಲ್ಲಿ ಒಂದಕ್ಕೊಂದು ಒಪ್ಪಬೇಕು. ಪಕ್ಕದ ನೋಟದಲ್ಲಿ ಚಾವಣಿ 20 ಮಿ.ಮೀ. ಇಳಿಸಿದರೆ ಮುಂದಿನ ನೋಟವನ್ನೂ ತಿದ್ದಬೇಕು. ಚಕ್ರ ನೆಟ್ಟಗೆ ನಿಂತಂತೆ ಬರೆದರೆ ಸಾಲದು. ಪೂರ್ತಿ ತಿರುಗಿ, ಹಳ್ಳಕ್ಕೆ ಬಿದ್ದು ಮೇಲೆದ್ದಾಗಲೂ ಎಲ್ಲಿಯೂ ತಾಗಬಾರದು.

ಸೊಂಟದಿಂದ ಶುರುವಾಗುವ ಈ ಕ್ರಮ ಬೆಂಗಳೂರಿನಲ್ಲಿ ನಿಜವಾದ ಬಗೆ ನೋಡಿ. ಚೇತನ್ ಮೈನಿ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ 'ಸನ್‌ರನ್ನರ್' ಎಂಬ ಸೌರಕಾರಿನ ತಂಡದಲ್ಲಿದ್ದರು. 1990ರಲ್ಲಿ ಅದು ಆಸ್ಟ್ರೇಲಿಯಾ ದಾಟುವ ಸ್ಪರ್ಧೆಯಲ್ಲಿ ಮೂರನೆಯದಾಗಿ ಬಂತು. ಅಂಥ ಕಾರಿನ ನಕ್ಷೆಯನ್ನು ಆಳುವುದು ಬಿಸಿಲು: ಬೆನ್ನು ಅಗಲವಾಗಿ ಚಪ್ಪಟೆ, ಚಾಲಕ ಒರಗಿ ಮಲಗಿದಂತೆ. 2001ರಲ್ಲಿ ಬೆಂಗಳೂರಿನಿಂದ ಅವರದೇ ವಿದ್ಯುತ್ ಕಾರು ರೇವಾ ಬಂದಾಗ ನಕ್ಷೆಯನ್ನು ಆಳಿದ್ದು ಬ್ಯಾಟರಿ ಮತ್ತು ಊರಿನ ರಸ್ತೆ. ಸೀಸದ ಭಾರದ ಬ್ಯಾಟರಿಗಳು ಮುಂದಿನ ಸೀಟಿನ ಕೆಳಗೆ ಹೋದವು. ಅಲ್ಲಿಗೆ ಸೊಂಟದ ಚುಕ್ಕೆ ಮೇಲೇರಿತು, ಅದರ ಹಿಂದೆಯೇ ಚಾವಣಿ. ಉದ್ದ ಮೂರು ಮೀಟರಿಗೂ ಕಡಿಮೆ. ಅದನ್ನು ಡಬ್ಬಿ ಎಂದು ನಕ್ಕವರು ಆ ನಕ್ಷೆಯನ್ನು ನೋಡಬೇಕಿತ್ತು. 2009ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ತೋರಿಸಿದ ಎರಡು ಸೀಟಿನ ಪ್ರಾಯೋಗಿಕ ರೇವಾ ಎನ್‌ಎಕ್ಸ್‌ಜಿಯ ರೂಪ ಮಾತ್ರ ಮುಂಬೈಯ ಕಾರು ವಿನ್ಯಾಸಗಾರ ದಿಲೀಪ್ ಛಾಬ್ರಿಯಾ ಅವರದು.

ಕಾಗದದಲ್ಲಿ ಒಪ್ಪಿತವಾದ ಗೆರೆಯನ್ನು ಗೋಡೆಯ ಮೇಲೆ ಕಾರಿನಷ್ಟೇ ಉದ್ದಕ್ಕೆ ಕಪ್ಪು ಟೇಪಿನಲ್ಲಿ ಅಂಟಿಸುವ ರೂಢಿ ಈ ಕಸುಬಿನಲ್ಲಿದೆ. ದೂರ ನಿಂತು ನೋಡಿ, ಸೊಟ್ಟ ಕಂಡರೆ ಕಿತ್ತು ಮತ್ತೆ ಅಂಟಿಸುತ್ತಾರೆ. ನಂತರ ಮೆದು ಜೇಡಿಯಲ್ಲಿ ಮಾದರಿ. ಕೆರೆದದ್ದು ಹೆಚ್ಚಾದರೆ ಮತ್ತೆ ಮೆತ್ತಬಹುದು. ಹೈವೇ ಪಕ್ಕದಲ್ಲೇ ಇರುವ, ಆರನೇ ಶತಮಾನದ ಜೋಗೇಶ್ವರಿ ಗುಹೆಯನ್ನು ಕಡೆದವರಿಗೆ ಈ ಅನುಕೂಲ ಇರಲಿಲ್ಲ. ತೆಗೆದ ಕಲ್ಲು ತೆಗೆದದ್ದೇ.

ಜೇಡಿಯ ಮೇಲೆ ಕೈ ಕಂಡುಕೊಂಡ ತಿರುವನ್ನು ಕೊನೆಗೆ ಅಳೆದು ನಕ್ಷೆಗೇ ಹಿಂತಿರುಗಿಸುತ್ತಾರೆ. ಆಗ ಮತ್ತೊಮ್ಮೆ ಸೊಂಟದ ಚುಕ್ಕೆಯಿಂದ ಚಾವಣಿಯವರೆಗಿನ ಅಳತೆ ಹಿಡಿದು ನೋಡುತ್ತಾರೆ.