ಕಿವು ಹಳ್ಳಿಗಳಲ್ಲಿ ಮನಸ್ಸಿನ ಗಾಯಕ್ಕೆ ಚಿಕಿತ್ಸೆ

ಪೂರ್ವ ಕಾಂಗೋದ ಉತ್ತರ ಮತ್ತು ದಕ್ಷಿಣ ಕಿವು ಪ್ರಾಂತ್ಯಗಳು 1990ರ ದಶಕದಿಂದ ಸಶಸ್ತ್ರ ಸಂಘರ್ಷದಲ್ಲಿ ಬೇಯುತ್ತಿವೆ. ಊರಿಗೆ ಊರನ್ನೇ ಹೆದರಿಸಿ ಒಕ್ಕಲೆಬ್ಬಿಸಲು ಅಲ್ಲಿ ಅತ್ಯಾಚಾರವನ್ನು ಆಯುಧವಾಗಿ ಬಳಸಲಾಗಿದೆ. ಡಾ. ಡೆನಿಸ್ ಮುಕ್ವೆಗೆ 1999ರಲ್ಲಿ ಬುಕಾವು ನಗರದಲ್ಲಿ ತೆರೆದ ಪಾಂಜಿ ಆಸ್ಪತ್ರೆ ಇಂಥ ಸಾವಿರಾರು ಹೆಂಗಸರಿಗೆ ಶಸ್ತ್ರಚಿಕಿತ್ಸೆ ಮಾಡಿದೆ. ಮುಕ್ವೆಗೆ ಅವರಿಗೆ 2018ರ ನೊಬೆಲ್ ಶಾಂತಿ ಪ್ರಶಸ್ತಿಯ ಪಾಲು ಸಿಕ್ಕಿತು. ಆದರೆ ಹೊಲಿಗೆ ಮಾಯ್ದ ಮೇಲೂ ನಿದ್ದೆ ಮರಳುವುದಿಲ್ಲ.

ಜೀವಕ್ಕೆ ಕುತ್ತು ಬಂದ ಗಳಿಗೆಯ ನೆನಪು ಕೆಲವರಲ್ಲಿ ಹಳೆಯದಾಗುವುದೇ ಇಲ್ಲ. ಒಂದು ವಾಸನೆ, ಒಂದು ಬೂಟಿನ ಸದ್ದು ಸಾಕು, ಎದೆ ಹೊಡೆದುಕೊಳ್ಳುತ್ತದೆ, ಮೈ ಬೆವರುತ್ತದೆ. ಹಾಗಾಗಿ ಅಂಥ ಹೆಂಗಸು ಸಂತೆಗೆ, ಹೊಲಕ್ಕೆ, ಸೌದೆಗೆ ಹೋಗುವುದನ್ನು ಬಿಡುತ್ತಾಳೆ. ಆಘಾತೋತ್ತರ ಒತ್ತಡದ ಕಾಯಿಲೆಯ ಮುಖ್ಯ ಲಕ್ಷಣಗಳಿವು. ಇದಕ್ಕಿಂತ ಆಳಕ್ಕೆ ಇಳಿಯುವುದು ತಪ್ಪಿತಸ್ಥ ಭಾವನೆ. ದಾಳಿಯ ಹೊತ್ತಿನಲ್ಲಿ ಕೂಗಲಾಗದೆ, ಅಲುಗಲಾಗದೆ ಮೈ ಮರಗಟ್ಟುವುದು ವಿಪರೀತ ಭಯಕ್ಕೆ ದೇಹ ತೋರುವ ತಾನೇ ತಾನಾದ ಪ್ರತಿಕ್ರಿಯೆ. ಅದರಲ್ಲಿ ಒಪ್ಪಿಗೆಯ ಸುಳಿವೂ ಇಲ್ಲ. ಆದರೂ 'ನಾನೇಕೆ ಓಡಲಿಲ್ಲ' ಎಂಬ ಪ್ರಶ್ನೆ ವರ್ಷಗಟ್ಟಲೆ ಕಾಡುತ್ತದೆ. ಗಂಡ ಮನೆಯಿಂದ ಹೊರಹಾಕಿದರೆ, ನೆರೆಹೊರೆ ಮುಖ ತಿರುಗಿಸಿದರೆ ಆ ಪ್ರಶ್ನೆಯೇ ತೀರ್ಪಾಗಿಬಿಡುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ರೆಸಿಕ್ ರೂಪಿಸಿದ ಚಿಕಿತ್ಸೆಯೊಂದು ಈ ನಂಬಿಕೆಯನ್ನೇ ಹಿಡಿದು ಕೆಲಸ ಮಾಡುತ್ತದೆ. ತನ್ನ ಆಲೋಚನೆಗೂ ಸಂಕಟಕ್ಕೂ ಇರುವ ನಂಟನ್ನು ಗುರುತಿಸಲು, 'ತಪ್ಪು ನನ್ನದು' ಎಂಬುದಕ್ಕೆ ಆಧಾರವೇನೆಂದು ತಾನೇ ಪರೀಕ್ಷಿಸಲು ಆಕೆ ಕಲಿಯುತ್ತಾಳೆ. ಕಿವು ಪ್ರಾಂತ್ಯಗಳ ಹಳ್ಳಿಗಳಲ್ಲಿ ಇದನ್ನು ಪ್ರಯೋಗಿಸಿದಾಗ ಬಹುತೇಕರಿಗೆ ಓದುಬರಹ ಬಾರದ್ದರಿಂದ ಬರವಣಿಗೆಯ ಅಭ್ಯಾಸಗಳನ್ನು ಬಾಯಿಪಾಠಕ್ಕೆ ಹೊಂದಿಸಲಾಯಿತು. ನಡೆದದ್ದನ್ನು ವಿವರವಾಗಿ ಹೇಳಬೇಕೆಂಬ ಒತ್ತಾಯವಿರಲಿಲ್ಲ. ನಡೆಸಿಕೊಟ್ಟವರು ಮನೋವೈದ್ಯರಲ್ಲ; ತರಬೇತಿ ಪಡೆದ, ಪ್ರೌಢಶಾಲೆಯ ಮೆಟ್ಟಿಲು ಹತ್ತಿದ ಸ್ಥಳೀಯ ಕಾರ್ಯಕರ್ತೆಯರು.

2013ರಲ್ಲಿ ಪ್ರಕಟವಾದ ಫಲಿತಾಂಶ ಗಮನಾರ್ಹ. ಕೆಲವು ಹಳ್ಳಿಗಳ 157 ಹೆಂಗಸರಿಗೆ ಒಂದು ಖಾಸಗಿ ಭೇಟಿ, 11 ಗುಂಪು ಸಭೆಗಳ ಚಿಕಿತ್ಸೆ. ಬೇರೆ ಹಳ್ಳಿಗಳ 248 ಮಂದಿಗೆ ಬೇಕೆಂದಾಗ ವೈಯಕ್ತಿಕ ಆಪ್ತಸಮಾಲೋಚನೆ. ಆರು ತಿಂಗಳ ನಂತರ ಖಿನ್ನತೆ ಅಥವಾ ಆತಂಕದ ಕಾಯಿಲೆ ಇದ್ದಿರಬಹುದಾದವರು ಚಿಕಿತ್ಸೆಯ ಗುಂಪಿನಲ್ಲಿ ಶೇ. 9, ಇನ್ನೊಂದರಲ್ಲಿ ಶೇ. 42. ಎರಡನೆಯ ಗುಂಪಿನ ಸ್ಥಿತಿ ಮೊದಲೇ ತುಸು ಹೆಚ್ಚು ಕೆಟ್ಟಿತ್ತು ನಿಜ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅಂತರ ಉಳಿಯಿತು. ಸುತ್ತ ಹಿಂಸೆ ನಿಂತಿರದ ನೆಲದಲ್ಲಿ, ಬಡತನದ ನಡುವೆ ದೊರೆತ ಫಲವಿದು. ಶಾಂತಿ ಬರುವವರೆಗೆ ಮನಸ್ಸಿನ ಚಿಕಿತ್ಸೆ ಕಾಯಬಹುದು ಎಂಬ ವಾದಕ್ಕೆ ಇನ್ನು ನೆಲೆಯಿಲ್ಲ.

ದಾಳಿಯ ಬೆನ್ನಿಗೇ ಬೇಕಾದ ನೆರವು ಬೇರೆ ಬಗೆಯದು. ಸುರಕ್ಷಿತ ಜಾಗ, ಗುಟ್ಟು ಕಾಯುವ ಕಿವಿ, ಮುಂದೇನು ಮಾಡಬೇಕೆಂಬ ನಿರ್ಧಾರ ಆಕೆಯದೇ ಎಂಬ ಭರವಸೆ ಮೊದಲು ಬೇಕು. ಕೂಡಿಸಿಕೊಂಡು ಎಲ್ಲವನ್ನೂ ಒಮ್ಮೆಗೇ ಹೇಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಬೇಡವೆನ್ನುತ್ತದೆ. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಯೊಳಗೆ, ಬೇಡದ ಗರ್ಭ ತಡೆಯುವ ಮಾತ್ರೆಯನ್ನು ಐದು ದಿನದೊಳಗೆ ಕೊಡಬೇಕು. ಇಂಥ ಹಿಂಸೆಗೆ ಗುರಿಯಾದ ಗಂಡಸರೂ ಹುಡುಗರೂ ಇದ್ದಾರೆ. ಅವಮಾನದ ಭಯದಿಂದ ಅವರು ಆಸ್ಪತ್ರೆಯ ಬಾಗಿಲಿಗೆ ಬರುವುದು ಇನ್ನೂ ವಿರಳ. ಆದ್ದರಿಂದ ಬೇರೆ ತೊಂದರೆ ಹೇಳಿಕೊಂಡು ಬಂದವರಲ್ಲಿ ಇಂಥವರನ್ನು ಗುರುತಿಸಿ ನೆರವಾಗಲು ಸಾಮಾನ್ಯ ಹೊರರೋಗಿ ವಿಭಾಗದ ಸಿಬ್ಬಂದಿಗೂ ತರಬೇತಿ ಬೇಕಾಗುತ್ತದೆ.